ಗಡಾಯಿಕಲ್ಲಿಗೆ ಇರುವುದೊಂದೇ ದಾರಿ

ತೋಡಾರು, ಮೂಡುಬಿದಿರೆಗಳಿಂದ ವೇಣೂರು, ಗುರುವಾಯನಕೆರೆಗಳ ಮಾರ್ಗವಾಗಿ ಬೆಳ್ತಂಗಡಿಯನ್ನು ದಾಟಿ ಮುಂದೆ ಹೋಗುವವರ ಕಣ್ಣಿಗೆ, ಪಶ್ಚಿಮ ಘಟ್ಟಗಳ ನೀಲಶ್ರೇಣಿಯಿಂದ ತಾನು ಬೇರೆಯೆಂಬಂತೆ ಕಾಡು-ಕಂಗುಗಳ ನಡುವಿನಿಂದ ನೆಟ್ಟಗೆ ಎದ್ದು ನಿಂತ ಮಹಾಶಿಲೆಯೊಂದು ಬೀಳುತ್ತದೆ. ಸುಮಾರು 1,700 ಅಡಿ ಎತ್ತರದ ಈ ಗಡಾಯಿಕಲ್ಲಿನ ಮೇಲೆ, ಅದುವರೆಗೆ ನರಸಿಂಹಗಡವೆನಿಸಿದ್ದ ಸ್ಥಾನದಲ್ಲಿ, ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆಯನ್ನು ಕಟ್ಟಿಸಿದನು. ತಾಯಿಯ ಹೆಸರಿನಿಂದ ಅದಕ್ಕೆ ಜಮಾಲಾಬಾದ್ ಎಂಬ ನಾಮಧೇಯವಾಯಿತೆಂದು ಪ್ರತೀತಿ. ಮೇಲೇರಲು ಅಂದು ಇದ್ದುದು ಒಂದೇ ದಾರಿ. ಇಂದಿಗೂ ಇರುವುದು ಅದೊಂದೇ: ಬಂಡೆಯ ಮೈಗೆ ಅಂಟಿಕೊಂಡು ಸಾಗುವ, 1,876 ಎಂದು ಹೇಳಲಾಗುವ ಮೆಟ್ಟಿಲುಗಳ ಇಕ್ಕಟ್ಟಾದ ಸಾಲು.

ಈ ಇಕ್ಕಟ್ಟು ಶಿಲ್ಪಿಯ ಅಶಕ್ತಿಯಲ್ಲ, ಕೋಟೆಯ ಬಲವೇ ಅದು. ಕೆಳಗೆ ಬಂದು ನಿಂತ ಸೇನೆ ಎಷ್ಟೇ ದೊಡ್ಡದಾಗಿದ್ದರೂ ಮೆಟ್ಟಿಲ ಮೇಲೆ ಅದು ಒಬ್ಬನ ಹಿಂದೊಬ್ಬನಾಗಿ ಏರಬೇಕಾಗಿದ್ದುದರಿಂದ, ಮೇಲಿನ ಬೆರಳೆಣಿಕೆಯ ಕಾವಲುಗಾರರು ಅದನ್ನು ತಡೆಯಬಲ್ಲವರಾಗಿದ್ದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕುಂಪಣಿಯವರ ವಶವಾದ ಈ ಗಡವನ್ನು ತಿಮ್ಮನಾಯಕನೆಂಬವನು ಮರಳಿ ಹಿಡಿದು ಕೆಲಕಾಲ ಉಳಿಸಿಕೊಂಡದ್ದು ಈ ದಾರಿಯ ಗುಣಕ್ಕೆ ಸಾಕ್ಷಿ.

ವೈರಿಯನ್ನು ತಡೆದ ಅದೇ ಗುಣವು ಇಂದು ಯಾತ್ರಿಕನಿಗೆ ಅಪಾಯವಾಗಿದೆ. ರಜೆಯ ದಿನ ಹೊತ್ತೇರಿದ ಮೇಲೆ, ಏರುವವರೂ ಇಳಿಯುವವರೂ ಅದೇ ಮೆಟ್ಟಿಲ ಮೇಲೆ ಎದುರುಬದುರಾದಾಗ ಒಬ್ಬರು ಬದಿಗೆ ಸರಿಯಲೇಬೇಕು. ಸರಿಯುವ ಬದಿ ಎಷ್ಟೋ ಕಡೆ ಪ್ರಪಾತದ ಅಂಚು. ಏರುವಾಗ ಉತ್ಸಾಹವೂ ತೋಳ ಬಲವೂ ನೆರವಾಗುತ್ತವೆ; ಇಳಿಯುವಾಗಲಾದರೋ ಮೊಣಕಾಲು ನಡುಗುತ್ತಿರುತ್ತದೆ, ಬಾಯಿ ಒಣಗಿರುತ್ತದೆ, ಕಾದ ಕಲ್ಲಿನ ಝಳ ಮುಖಕ್ಕೆ ಹೊಡೆಯುತ್ತಿರುತ್ತದೆ. ಆದುದರಿಂದ ಈ ದಾರಿಯಲ್ಲಿ ಪ್ರಥಮ ಮರ್ಯಾದೆ ಇಳಿಯುವವರಿಗೆ ಸಲ್ಲಬೇಕು. ಬಂಟ್ವಾಳದ ಕಾರಿಂಜದಲ್ಲಿ, ಕೆಳಗೆ ಪಾರ್ವತಿಯನ್ನೂ ಶಿಖರದಲ್ಲಿ ಈಶ್ವರನನ್ನೂ ದರ್ಶಿಸುವ ಭಕ್ತರು ಪರಸ್ಪರ ದಾರಿ ಬಿಟ್ಟುಕೊಡುವುದನ್ನು ಯಾರೂ ಅವರಿಗೆ ಕಲಿಸಿಲ್ಲ. ದೇವರಿಲ್ಲದ ಬೆಟ್ಟದಲ್ಲಿ ಆ ವಿನಯವನ್ನು ನಿಯಮದಿಂದಲೇ ತರಬೇಕಾಗಿದೆ.

ಜನ ಹೆಚ್ಚಿದಲ್ಲಿ ದಾರಿಯನ್ನು ಹಿಗ್ಗಿಸುವುದು ಕಾಲದ ವಾಡಿಕೆ. ಈ ಕಲ್ಲಿಗೆ ಅದು ಸಲ್ಲದೆಂದು ನಾನು ದೃಢವಾಗಿ ನಂಬುತ್ತೇನೆ. ಮೆಟ್ಟಿಲನ್ನು ಅಗಲಿಸಲು ಬಂಡೆಯನ್ನು ಒಡೆಯಬೇಕು. ಇನ್ನೊಂದು ದಾರಿಯನ್ನು ಕಡಿದರೆ, ಏಕೈಕ ಮಾರ್ಗದ ಕೋಟೆಯೆಂಬ ಅದರ ಐತಿಹಾಸಿಕ ಸ್ವರೂಪವೇ ನಾಶವಾಗುತ್ತದೆ. ಅಲ್ಲದೆ 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಈ ನೆಲದಲ್ಲಿ ಮನುಷ್ಯನ ಅನುಕೂಲವೊಂದೇ ಪ್ರಮಾಣವಲ್ಲ. ದಾರಿ ಎಷ್ಟು ಮಂದಿಯನ್ನು ತಾಳುವುದೋ ಅಷ್ಟೇ ಮಂದಿ ಏರತಕ್ಕದ್ದು.

ದಕ್ಷಿಣ ಕನ್ನಡ-ಕೊಡಗುಗಳ ಗಡಿಯ ಕುಮಾರಪರ್ವತಕ್ಕೆ ಕುಕ್ಕೆಯ ಕಡೆಯಿಂದ ಗಿರಿಗದ್ದೆಯ ಮಾರ್ಗವಲ್ಲದೆ ಸೋಮವಾರಪೇಟೆಯ ಕಡೆಯಿಂದ ಬೀದಳ್ಳಿಯ ಮಾರ್ಗವೂ ಉಂಟು. ಹಾಗಿದ್ದೂ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ನೆರೆದ ಜನಸಂದಣಿಯನ್ನು ಕಂಡು, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರಕಾರವು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಎರಡು ದಾರಿಗಳ ಪರ್ವತದ ಗತಿಯೇ ಇದಾದರೆ, ಒಂದೇ ದಾರಿಯ ಕಲ್ಲಿನ ವಿಷಯದಲ್ಲಿ ನಮಗೆ ಎಷ್ಟು ಎಚ್ಚರವಿರಬೇಕು!

ಬೆಳಗಿನ ಹೊತ್ತನ್ನು ಆರೋಹಣಕ್ಕೂ ಅನಂತರದ ಹೊತ್ತನ್ನು ಅವರೋಹಣಕ್ಕೂ ಮೀಸಲಿಡುವುದು ಕಷ್ಟದ ಕೆಲಸವೇನಲ್ಲ. ಕೆಳಗಿನ ಬಾಗಿಲಲ್ಲಿ ಚಿಕ್ಕ ಚಿಕ್ಕ ತಂಡಗಳಾಗಿ ಬಿಡಬಹುದು. ಕಠಿಣವಾದ ತಿರುವುಗಳಲ್ಲಿ ಆ ಕಲ್ಲನ್ನು ಬಾಲ್ಯದಿಂದ ಬಲ್ಲ ಊರಿನ ತರುಣರನ್ನೇ ವೇತನ ಕೊಟ್ಟು ನಿಲ್ಲಿಸಬಹುದು. ಪಾಚಿ ಕಟ್ಟಿದ ಮೆಟ್ಟಿಲು ಪೂರ್ಣವಾಗಿ ಒಣಗುವವರೆಗೆ, ಮಳೆ ನಿಂತಿತೆಂಬ ಒಂದೇ ಕಾರಣಕ್ಕೆ ಬಾಗಿಲನ್ನು ತೆರೆಯಬಾರದು. ಪ್ರವೇಶಶುಲ್ಕದಲ್ಲಿ ಒಂದು ಪಾಲನ್ನು ಸಡಿಲವಾದ ಕಲ್ಲುಗಳನ್ನು ಮರಳಿ ಕೂರಿಸುವುದಕ್ಕೆಂದೇ ತೆಗೆದಿರಿಸಿ, ಆ ಕೆಲಸವನ್ನು ಬರುವ ಮಳೆಗಾಲಕ್ಕೆ ಮೊದಲೇ ಮುಗಿಸಬೇಕು.