ಇಂಟರ್ವಲ್ ಮಾತು: ಮಸಿಯ ಕಲೆಯೊಳಗೆ ಮನುಷ್ಯ ಸಿಗ್ತಾನೇನ್ರೀ?

ಈ ಅಂಕಣಕ್ಕೆ ಬರೋ ಪತ್ರಗಳ ಜಾತಿ ನಿಮಗೆ ಗೊತ್ತೇ ಇದೆ. ಯಾವ ಚಿತ್ರ ಎಷ್ಟು ವಾರ ಓಡಿತು, ಯಾವ ನಾಯಕಿಯ ಮದುವೆ ಯಾವಾಗ, ನನಗೊಂದು ಪಾತ್ರ ಕೊಡಿಸ್ತೀರಾ! ಆದರೆ ಬಾಗಲಕೋಟೆಯ ನವನಗರದಿಂದ ಒಬ್ಬ ಅಭಿಮಾನಿ ಬರೆದದ್ದು ಬೇರೆಯೇ. ಅವನ ಮಾತಲ್ಲೇ ಓದಿ:

"ನಮ್ಮ ಗೆಳೆಯಾ ಒಂದು ಕೆಲಸದ ಇಂಟರ್‌ವ್ಯೂಕ್ಕ ಹೋಗಿದ್ದ ರೀ. ಅಲ್ಲಿ ಮಸಿ ಚೆಲ್ಲಿದಂಥಾ ಚಿತ್ರ ತೋರಿಸಿ ಏನು ಕಾಣತೈತಿ ಅಂತ ಕೇಳ್ಯಾರ. ಕೆಂಪು ಬಣ್ಣ ನೋಡಿ ಇಂವ 'ರಕ್ತ' ಅಂದಾನ. 'ನಿನ್ನ ಮನಸಿನ್ಯಾಗ ಹಿಂಸಾ ಐತಿ' ಅಂತ ಹೇಳಿ ಕಳಿಸ್ಯಾರ. ಅವತ್ತಿನಿಂದ ಸಿನೆಮಾಕ್ಕ ಕರದ್ರೂ ಬರವಲ್ಲ. ನಾ ಅಂಥವ ಅದೀನೇನು ಅಂತ ಕೇಳತಾನ. ಇದು ಖರೇನ ರೀ?"

ತಮ್ಮಾ, ಮೊದಲು ನಿನ್ನ ಗೆಳೆಯನಿಗೆ ಹೇಳು: ಖರೆ ಅಲ್ಲ. ಯಾಕೆ ಅಲ್ಲ ಅನ್ನೋದನ್ನ ಈಗ ಹೇಳ್ತೀನಿ. ಸ್ವಲ್ಪ ಫ್ಲ್ಯಾಶ್‌ಬ್ಯಾಕ್ ಬೇಕಾಗುತ್ತೆ.

ಸ್ವಿಟ್ಜರ್ಲೆಂಡಿನಲ್ಲಿ ಹರ್ಮನ್ ರೋರ್ಶಾಕ್ ಅಂತ ಒಬ್ಬ ಮನೋವೈದ್ಯ. ಹುಟ್ಟಿದ್ದು 1884ರಲ್ಲಿ, ಚಿತ್ರಕಲಾ ಮೇಷ್ಟ್ರ ಮಗ. ಹಾಳೆಯ ಮೇಲೆ ಶಾಯಿ ಚೆಲ್ಲಿ, ನಡುವೆ ಮಡಚಿ, ಬಿಡಿಸಿ ನೋಡೋ ಆಟ ನಾವೂ ಶಾಲೆಯಲ್ಲಿ ಆಡಿದ್ದೇ ಅಲ್ಲವೇ? ಅಲ್ಲಿಯ ಹುಡುಗರಿಗೂ ಅದೇ ಹುಚ್ಚು. ರೋರ್ಶಾಕ್‌ಗೆ ಗೆಳೆಯರು ಇಟ್ಟ ಅಡ್ಡಹೆಸರೇ 'ಶಾಯಿ ಕಲೆ' ಅನ್ನೋ ಅರ್ಥದ್ದು. ಡಾಕ್ಟರ್ ಆದ ಮೇಲೆ ಇಂಥ ಕಲೆಗಳನ್ನು ಸುಮಾರು 400 ಜನರಿಗೆ, ರೋಗಿಗಳಿಗೂ ಆರೋಗ್ಯವಂತರಿಗೂ, ತೋರಿಸಿದ. 1921ರಲ್ಲಿ ಹತ್ತು ಕಾರ್ಡುಗಳ ಜೊತೆ ಪುಸ್ತಕ ಬಂತು. ಐದು ಕಾರ್ಡು ಕಪ್ಪು-ಬೂದು, ಎರಡರಲ್ಲಿ ಕೆಂಪು ಸೇರಿದೆ, ಮೂರು ಬಣ್ಣಬಣ್ಣ. ಮರುವರ್ಷವೇ, ಬರೀ 37ನೇ ವಯಸ್ಸಿಗೆ, ಅಪೆಂಡಿಕ್ಸ್ ಕಾಯಿಲೆಯಲ್ಲಿ ತೀರಿಹೋದ. ತನ್ನ ಪರೀಕ್ಷೆ ಲೋಕವೆಲ್ಲ ಓಡಿದ್ದನ್ನು ಪಾಪ, ಅವನು ನೋಡಲೇ ಇಲ್ಲ.

ಒಂದು ಮಾತು ಗಮನಿಸಿ. 'ಏನು' ಕಂಡಿತು ಅನ್ನೋದಕ್ಕಿಂತ 'ಹೇಗೆ' ಕಂಡಿತು ಅನ್ನೋದೇ ಅವನಿಗೆ ಮುಖ್ಯವಾಗಿತ್ತು. ಇಡೀ ಕಲೆ ನೋಡಿದನೋ, ಒಂದು ಮೂಲೆಯನ್ನೋ? ಆಕಾರ ನೋಡಿದನೋ, ಬಣ್ಣವನ್ನೋ? ಚಲನೆ ಕಂಡನೋ? ಎಲ್ಲ ಉತ್ತರಗಳನ್ನೂ ಲೆಕ್ಕ ಹಾಕಿ ನೋಡಬೇಕು. ರಕ್ತ ಅಂದರೆ ಕೊಲೆಗಾರ, ಹೂವು ಅಂದರೆ ಸಾಧು ಅನ್ನೋ ಗಿಳಿಶಾಸ್ತ್ರ ಅವನದಲ್ಲ. ಬಿಳಿ ಹಾಳೆಯ ಮೇಲೆ ಕೆಂಪು ಕಲೆ ಕಂಡರೆ ರಕ್ತ ಅನ್ನೋದೇನು ಅಪರೂಪವೇ? ಇಳಕಲ್ಲಿನ ಹುಡುಗ ಅದನ್ನೇ ಸೀರೆ ಸೆರಗು ಅಂದಾನು. ಅಮೇರಿಕದಲ್ಲಿ ತಯಾರಾದ ಪಟ್ಟಿ ಹಿಡಿದು ಕೂತವನಿಗೆ ಆ ಸೆರಗು ಎಲ್ಲಿಂದ ತಿಳೀಬೇಕು?

ಸಿನಿಮಾದವರು ಈ ಕಲೆಯನ್ನು ಬಿಟ್ಟವರಲ್ಲ. 1995ರ 'ಬ್ಯಾಟ್‌ಮನ್ ಫಾರೆವರ್'ನಲ್ಲಿ ನಾಯಕ ವಾಲ್ ಕಿಲ್ಮರ್, ಮನಶ್ಶಾಸ್ತ್ರಜ್ಞೆ ನಿಕೋಲ್ ಕಿಡ್‌ಮನ್ ಕೋಣೆಯಲ್ಲಿ ಇಂಥ ಚಿತ್ರ ನೋಡ್ತಾನೆ, ಬಾವಲಿ ಕಾಣುತ್ತೆ. ಆಹಾ, ಗುಟ್ಟು ರಟ್ಟಾಯಿತು ಅಂತ ನಾವು ಶಿಳ್ಳೆ ಹೊಡೀತೀವಿ. ನಿಜ ಸಂಗತಿ ಏನು ಗೊತ್ತೇ? ರೋರ್ಶಾಕನ ಹತ್ತು ಕಾರ್ಡುಗಳಲ್ಲಿ ಒಂದನೆಯದು, ಐದನೆಯದು ನೋಡಿದ ಎಷ್ಟೋ ಜನಕ್ಕೆ ಕಾಣೋದು ಬಾವಲಿ, ಇಲ್ಲವೇ ಚಿಟ್ಟೆ. ಅವರೆಲ್ಲ ಬ್ಯಾಟ್‌ಮನ್ ಆಗಿದ್ದರೆ ಪೊಲೀಸರಿಗೆ ಕೆಲಸವೇ ಇರ್ತಿರಲಿಲ್ಲ!

ತಮಾಷೆ ಬಿಡಿ. ಪರೀಕ್ಷೆಯನ್ನು ನಂಬಬೇಕಾದರೆ ಎರಡು ಬೇಕು. ಒಂದು, ಯಾರು ತೂಗಿದರೂ ತಕ್ಕಡಿ ಒಂದೇ ತೂಕ ತೋರಿಸಬೇಕು. ಎರಡು, ತೂಕದ ತಕ್ಕಡಿಯಲ್ಲಿ ಜೋಳದ ರುಚಿ ಅಳೆಯೋಕೆ ಹೋಗಬಾರದು.

ಮೊದಲನೆಯದರಲ್ಲಿ ಈ ಪರೀಕ್ಷೆ ಬಹಳ ಕಾಲ ಸೋತಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್ ಜೈಲಿನಲ್ಲಿದ್ದ ನಾಜಿ ಮುಖಂಡರಿಗೆ ಈ ಕಾರ್ಡು ತೋರಿಸಿದರು. ನೋಡಿದವರಿಬ್ಬರು: ಡಗ್ಲಾಸ್ ಕೆಲ್ಲಿ, ಗುಸ್ಟಾವ್ ಗಿಲ್ಬರ್ಟ್. ಇವರು ಹುಚ್ಚರಲ್ಲ, ನಮ್ಮ ನಿಮ್ಮಂಥವರೇ ಅಂದ ಕೆಲ್ಲಿ. ಇಲ್ಲ, ಇವರ ಮನಸ್ಸೇ ವಿಕೃತ ಅಂದ ಗಿಲ್ಬರ್ಟ್. ಅವವೇ ಕೈದಿಗಳು, ಅವವೇ ಕಾರ್ಡುಗಳು, ತೀರ್ಪು ಮಾತ್ರ ಎರಡು! ಈ ಕೆಲ್ಲಿಯ ಕಥೆಯೇ 2025ರ 'ನ್ಯೂರೆಂಬರ್ಗ್' ಚಿತ್ರ. ಕೆಲ್ಲಿ ಪಾತ್ರದಲ್ಲಿ ರಾಮಿ ಮಾಲೆಕ್.

ಅಮೇರಿಕದಲ್ಲಿ ಅಂಕ ಹಾಕೋಕೆ ಐದು ಪದ್ಧತಿ ಇದ್ದವು. ಜಾನ್ ಎಕ್ಸ್‌ನರ್ 1974ರಲ್ಲಿ ಅವನ್ನು ಒಂದು ಮಾಡಿದ ಮೇಲೆ ತಕ್ಕಡಿ ಸ್ವಲ್ಪ ನೆಟ್ಟಗಾಯಿತು. ಆದರೂ ಆರೋಗ್ಯವಾಗಿರೋ ಎಷ್ಟೋ ಜನರನ್ನು ರೋಗಿಗಳ ಹಾಗೆ ತೋರಿಸ್ತದೆ ಅನ್ನೋ ದೂರು ಬಂತು. 1999ರಲ್ಲಿ ಹೊವರ್ಡ್ ಗಾರ್ಬ್ ಅನ್ನೋ ವಿಮರ್ಶಕ, ಈ ಪರೀಕ್ಷೆಯನ್ನು ಸದ್ಯಕ್ಕೆ ನಿಲ್ಲಿಸಿಬಿಡಿ ಅಂತಲೇ ಬರೆದ.

ಕೊನೆಗೆ 2013ರಲ್ಲಿ ಜೋನಿ ಮಿಹುರಾ ಮತ್ತು ಸಂಗಡಿಗರು ಹಳೆಯ ಸಂಶೋಧನೆಗಳನ್ನೆಲ್ಲ ಗುಡ್ಡೆ ಹಾಕಿ ಜರಡಿ ಹಿಡಿದರು. ಜರಡಿಯಲ್ಲಿ ಉಳಿದದ್ದು ಇಷ್ಟು: ಯೋಚನೆಯ ಎಳೆ ತುಂಡಾಗೋ ತೀವ್ರ ಕಾಯಿಲೆಗಳಲ್ಲಿ ಆ ಲಕ್ಷಣ ಗುರುತಿಸೋಕೆ ಈ ಕಾರ್ಡು ನಿಜಕ್ಕೂ ನೆರವಾಗುತ್ತೆ. ಗುಣ, ಸ್ವಭಾವ, ಭಾವನೆ ಅಳೆಯೋ ಎಷ್ಟೋ ಅಂಶಗಳಿಗೆ ಮಾತ್ರ ಆಧಾರ ತೆಳು, ಕೆಲವಕ್ಕೆ ಇಲ್ಲವೇ ಇಲ್ಲ. 2015ರಲ್ಲಿ ಗಾರ್ಬ್ ಸೇರಿ ಕಟ್ಟಾ ವಿಮರ್ಶಕರೂ ಆ ಮೊದಲ ಉಪಯೋಗಕ್ಕೆ ಒಪ್ಪಿದರು. ಅಂದರೆ ಪರೀಕ್ಷೆ ಪೂರ್ತಿ ಸುಳ್ಳಲ್ಲ. ಕಲಿತವರ ಕೈಯಲ್ಲಿ, ಇತರ ತಪಾಸಣೆಗಳ ಜೊತೆ, ಒಂದು ಸಣ್ಣ ಸಾಧನ. ಅಷ್ಟೇ.

ಹಾಗಾದರೆ ಡಾಕ್ಟರುಗಳೂ ಇಷ್ಟು ವರ್ಷ ಯಾಕೆ ನಂಬಿದರು? ಯಾಕೆಂದರೆ ಕಲೆಯಲ್ಲಿ ತನಗೆ ಬೇಕಾದ್ದನ್ನು ಕಾಣೋನು ಪರೀಕ್ಷೆಗೆ ಕೂತವನೊಬ್ಬನೇ ಅಲ್ಲ. ಪರೀಕ್ಷೆ ಮಾಡೋನೂ ಕಾಣ್ತಾನೆ! 1960ರ ದಶಕದಲ್ಲಿ ಚಾಪ್‌ಮನ್ ದಂಪತಿ ವಿದ್ಯಾರ್ಥಿಗಳ ಮುಂದೆ ಕಲೆಗಳ ಉತ್ತರಗಳನ್ನೂ ಒಂದಕ್ಕೊಂದು ಸಂಬಂಧವೇ ಇಲ್ಲದ ಲಕ್ಷಣಗಳನ್ನೂ ಇಟ್ಟರು. ವಿದ್ಯಾರ್ಥಿಗಳು ಇಲ್ಲದ ಸಂಬಂಧವನ್ನು ಇದೆ ಅಂತಲೇ ಕಂಡರು.

ಇದನ್ನೇ ನಮ್ಮ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೋರಿಸಿಬಿಟ್ಟಿದ್ದಾರಲ್ಲ! ತ್ರಿವೇಣಿಯವರ ಕಾದಂಬರಿ 'ಶರಪಂಜರ'. ಕಲ್ಪನಾ ಮಾಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರ್ತಾಳೆ. ಆದರೆ ಗಂಡನ ಕಣ್ಣಲ್ಲಿ, ಊರಿನ ಕಣ್ಣಲ್ಲಿ ಅವಳು ಹುಚ್ಚಿಯೇ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು, ಅಲಂಕಾರ ಮಾಡಿಕೊಂಡರೂ ಹುಚ್ಚು. ಅವಳೇ ಅವರ ಮುಂದಿನ ಮಸಿ ಕಲೆ. ಒಮ್ಮೆ ಹಚ್ಚಿದ ಹಣೆಪಟ್ಟಿ ಆ ಹೆಣ್ಣನ್ನು ಮತ್ತೆ ಎಲ್ಲಿಗೆ ನೂಕಿತು ಅಂತ ಚಿತ್ರ ನೋಡಿದವರಿಗೆ ಗೊತ್ತು. ಒಂದು ಮಾತಿಗೆ ಅಷ್ಟು ಶಕ್ತಿ ಇದೆ, ಮಿತ್ರರೇ.

ಇನ್ನು ನಾವು ಯಾಕೆ ನಂಬ್ತೀವಿ? ಬರ್ಟ್ರಂ ಫೋರರ್ ಅನ್ನೋ ಮೇಷ್ಟ್ರು 1948ರಲ್ಲಿ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, "ಇದು ನಿನ್ನ ಸ್ವಭಾವ" ಅಂತ ಒಂದೊಂದು ಚೀಟಿ ಕೊಟ್ಟರು. ಎಷ್ಟು ಸರಿ ಇದೆ ಅಂತ ಕೇಳಿದರೆ ಐದಕ್ಕೆ ಸರಾಸರಿ 4.26 ಅಂಕ! ಆಮೇಲೆ ಗೊತ್ತಾಯಿತು, ಎಲ್ಲರ ಚೀಟಿಯೂ ಒಂದೇ. ಅದರ ವಾಕ್ಯಗಳನ್ನು ಮೇಷ್ಟ್ರು ಆರಿಸಿದ್ದು ಪತ್ರಿಕೆ ಅಂಗಡಿಯಲ್ಲಿ ಸಿಗೋ ಜ್ಯೋತಿಷ್ಯದ ಪುಸ್ತಕದಿಂದ. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕದಲ್ಲೇ ತೂಗುಹಾಕಿರ್ತಾರಲ್ಲ, ಅಂಥದ್ದು!

ಹಾಗಂತ ಮನಸ್ಸಿನ ಡಾಕ್ಟರರೆಲ್ಲ ಸುಳ್ಳು ಅಂತ ತಿಳೀಬೇಡಿ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸೋ ಕೆಲಸ ಆರಂಭಿಸಿದರು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದಾರಿಯಾಯಿತು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಕೆಲಸಕ್ಕೆ ಹೋಗ್ತೀಯಾ, ಎಷ್ಟು ದಿನದಿಂದ ಹೀಗೆ ಅಂತ ಕೂತು ಕೇಳೋ ಡಾಕ್ಟರ್ ಹತ್ತು ಕಾರ್ಡಿಗಿಂತ ದೊಡ್ಡವನು.

ಆದ್ದರಿಂದ ತಮ್ಮಾ, ಮಂಕಾಗಿ ಕೂತ ಗೆಳೆಯನನ್ನು ಬಿಡಬೇಡ. ದಿನ ಕಳೆದರೂ ನಿದ್ದೆ ಊಟ ಸರಿಹೋಗದಿದ್ದರೆ ನಿಮ್ಮ ನವನಗರದಲ್ಲೇ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ಕರಕೊಂಡು ಹೋಗು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮನಸ್‌ನವರು ಪುಕ್ಕಟೆ ಮಾತಾಡ್ತಾರೆ, ಕನ್ನಡದಲ್ಲೇ.

ಎಲ್ಲರಿಗೂ ಒಂದು ಮಾತು. ಇನ್ನು ಮುಂದೆ ಯಾರಾದರೂ ಮಸಿ ಚಿತ್ರ ಹಿಡಿದು ನಿಮ್ಮ ಗುಣ ಹೇಳೋಕೆ ಬಂದರೆ ಮೂರು ಪ್ರಶ್ನೆ ಕೇಳಿ: ನೀವು ಓದಿದ್ದೇನು? ಅಂಕ ಹಾಕಿದ್ದು ಯಾವ ಪದ್ಧತಿಯಲ್ಲಿ? ಇದೊಂದನ್ನೇ ನೋಡಿ ಹೇಳ್ತೀರೋ, ಬೇರೆ ತಪಾಸಣೆಯೂ ಉಂಟೋ? ಉತ್ತರ ಬರದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಬೆಲ್ ಹೊಡೀತು. ಮುಂದಿನ ವಾರ ಸಿಗೋಣ.