ಮೀಯಬಾರದ ಕಡಲು

ಕಡಲತೀರಕ್ಕೆ ಹೋಗಿ ಕಾಲು ತೋಯಿಸದೆ ಮರಳುವುದುಂಟೆ ಎಂದು ವಾಚಕರು ಕೇಳಬಹುದು. ಆಸ್ಟ್ರೇಲಿಯದ ಉತ್ತರದಂಚಿನ ಡಾರ್ವಿನ್ ನಗರದಲ್ಲಿ ಹಾಗೆ ಮರಳುವವನೇ ಜಾಣನು. ಅಲ್ಲಿಯ ಮಿಂಡಿಲ್ ತೀರದಲ್ಲಿ ಮಳೆಯಿಲ್ಲದ ತಿಂಗಳುಗಳಲ್ಲಿ ಸಂಜೆಯ ಸಂತೆ ನೆರೆಯುತ್ತದೆ. ಜನರು ಮರಳಿನ ಮೇಲೆ ಕುಳಿತು ಸೂರ್ಯನು ಕಡಲಿಗಿಳಿಯುವುದನ್ನು ನೋಡುತ್ತಾರೆ. ತಾವು ಇಳಿಯಲು ಮಾತ್ರ ಹಿಂಜರಿಯುತ್ತಾರೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಆ ನೀರಿನಲ್ಲಿ ವಿಷದ ಲೋಳೆಮೀನುಗಳ ಕಾಲ. ಅವುಗಳ ದಾರದಂಥ ಬಾಹುಗಳು ಸೋಕಿದರೆ ಪ್ರಾಣಕ್ಕೇ ಅಪಾಯ. ಮೊಸಳೆಗಾದರೋ ಅಂಥ ಕಾಲನಿಯಮವೂ ಇಲ್ಲ. ಚರ್ಮದಾಸೆಯ ಬೇಟೆಯಿಂದ ನಾಶದಂಚಿಗೆ ಬಂದಿದ್ದ ಆ ಪ್ರಾಣಿಗೆ 1971ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಇಂದು ಅಲ್ಲಿಯ ನದಿಗಳಲ್ಲಿಯೂ ಅಳಿವೆಗಳಲ್ಲಿಯೂ ಅದರದೇ ರಾಜ್ಯ.

ಈ ನೆಲ ಮೂಲತಃ ಲರಾಕಿಯ ಜನರದು. 1839ರಲ್ಲಿ ‘ಬೀಗಲ್’ ಹಡಗಿನವರು ಇಲ್ಲಿಯ ಬಂದರಿಗೆ ತಮ್ಮ ಹಳೆಯ ಸಹಯಾತ್ರಿ ಚಾರ್ಲ್ಸ್ ಡಾರ್ವಿನ್ನನ ಹೆಸರಿಟ್ಟರು. ಅವನೋ ಇತ್ತ ಕಾಲಿಟ್ಟವನೇ ಅಲ್ಲ. 1942ರ ಫೆಬ್ರವರಿ 19ರಂದು ಜಪಾನಿನ ವಿಮಾನಗಳು ಊರಿನ ಮೇಲೆ ಬಾಂಬುಗಳನ್ನು ಸುರಿದವು. 1974ರ ಕ್ರಿಸ್ಮಸ್ ಹಬ್ಬದ ಬೆಳಗಿನ ಜಾವ ‘ಟ್ರೇಸಿ’ ಚಂಡಮಾರುತವು ಬಹುಪಾಲು ಮನೆಗಳನ್ನು ಹಾಳುಗೆಡವಿತು. ಇಂದು ಕಾಣುವ ನಗರದ ಹೆಚ್ಚಿನ ಭಾಗ ಆಮೇಲೆ ಕಟ್ಟಿದುದು.

ಮೀಯುವ ಆಸೆಯುಳ್ಳವರು ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರು ಸಾಗಿ ಲಿಚ್‌ಫೀಲ್ಡ್ ರಾಷ್ಟ್ರೀಯ ಉದ್ಯಾನವನ್ನು ಸೇರಬೇಕು. ಅಲ್ಲಿ ಫ್ಲಾರೆನ್ಸ್, ವಾಂಗಿ ಮೊದಲಾದ ಜಲಪಾತಗಳ ಮಡುಗಳುಂಟು. ಮಳೆಗಾಲದಲ್ಲಿ ಅವಕ್ಕೂ ಪ್ರವೇಶ ತಡೆಯುವುದುಂಟು. ಅಲ್ಲಿಯ ಗೆದ್ದಲಿನ ಹುತ್ತಗಳು ಇನ್ನೊಂದು ವಿಸ್ಮಯ. ಆಳೆತ್ತರ ಮೀರಿದ ಚಪ್ಪಡಿಗಳಂತಿರುವ ಅವೆಲ್ಲವೂ ಉತ್ತರ-ದಕ್ಷಿಣವಾಗಿಯೇ ನಿಂತಿವೆ. ಮಧ್ಯಾಹ್ನದ ಉರಿಬಿಸಿಲು ತೆಳುವಾದ ಅಂಚಿಗೆ ಮಾತ್ರ ತಾಗುವುದರಿಂದ ಒಳಗೆ ತಾಪ ಮಿತಿಮೀರದು.

ಪೂರ್ವಕ್ಕೆ ಸುಮಾರು 250 ಕಿಲೋಮೀಟರು ಹೋದರೆ ಕಕಡು. ಸುಮಾರು 20,000 ಚದರ ಕಿಲೋಮೀಟರಿನ ಈ ಉದ್ಯಾನ 1981ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇದರ ಆಡಳಿತದಲ್ಲಿ ಸರಕಾರದೊಡನೆ ಮೂಲನಿವಾಸಿಗಳಾದ ಬಿನಿಂಜ್ ಮತ್ತು ಮುಂಗುಯ್ ಜನರಿಗೂ ಪಾಲುಂಟು. ಉಬಿರ್ ಬಂಡೆಗಳ ಮೇಲೆ ಅವರ ಪೂರ್ವಿಕರು ಬರೆದ ಮೀನುಗಳನ್ನೂ, ಆ ಭೂಖಂಡದಿಂದ ಎಂದೋ ಕಣ್ಮರೆಯಾದ ತೈಲಸೀನ್ ಎಂಬ ಪ್ರಾಣಿಯನ್ನೂ ಇಂದಿಗೂ ಕಾಣಬಹುದು.

ಹೋಗಲು ಯಾವ ಕಾಲ ಒಳ್ಳೆಯದು? ಹೊರಗಿನವರು ಅಲ್ಲಿ ಮಳೆಗಾಲ, ಒಣಗಾಲ ಎಂದು ಎರಡನ್ನೇ ಎಣಿಸಿ, ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಹೋಗಿರೆಂದು ಹೇಳುವರು. ನೆಲದ ಮಕ್ಕಳಿಗಾದರೋ ನಮ್ಮ ಪಂಚಾಂಗದಂತೆ ಆರು ಋತುಗಳು: ಗುಡುಗಿನ ಗುನುಮೆಲೆಂಗ್, ಸುರಿಮಳೆಯ ಗುಡ್ಜೆವೆಗ್, ತಂಪಿನ ವುರ್ಗೆಂಗ್, ಹೀಗೆ. ಜಿಮ್ ಜಿಮ್ ಜಲಪಾತವು ಭೋರ್ಗರೆಯುವಾಗ ಅದರ ದಾರಿ ನೀರಿನಿಂದ ಮುಚ್ಚಿರುತ್ತದೆ. ದಾರಿ ತೆರೆಯುವ ಹೊತ್ತಿಗೆ ಧಾರೆ ಸೊರಗುತ್ತದೆ. ಒಂದೇ ಯಾತ್ರೆಯಲ್ಲಿ ಎಲ್ಲವನ್ನೂ ಕಾಣುವೆನೆಂಬ ಹಟ ಅಲ್ಲಿ ಸಲ್ಲದು. ಕಂಡಷ್ಟನ್ನು ಕಂಡು ಬನ್ನಿ. ನೀರಿಗಿಳಿಯುವ ಮುನ್ನ ದಡದ ಎಚ್ಚರಿಕೆಯ ಫಲಕವನ್ನು ಮರೆಯದೆ ಓದಿರಿ.