ಫೋಟೋ ತೆಗೆಯುವವನ ದುಡಿಮೆಗೂ ಒಂದು ದರವಿದೆ

ದುಡಿಮೆಗೆ ತಕ್ಕ ಪ್ರತಿಫಲ ದೊರೆಯಬೇಕೆಂಬ ಮಾತನ್ನು ಒಪ್ಪದವರು ನಮ್ಮಲ್ಲಿ ಯಾರೂ ಇಲ್ಲ. ತೆಂಗಿನ ಮರ ಹತ್ತುವವನಿಗೆ ಮರವೊಂದಕ್ಕೆ ಇಷ್ಟು, ಅಡಿಕೆ ಸುಲಿಯುವವರಿಗೆ ಕಿಲೋ ಒಂದಕ್ಕೆ ಇಷ್ಟು, ಅಡುಗೆಯವರಿಗೆ ಎಲೆಯೊಂದಕ್ಕೆ ಇಷ್ಟು ಎಂದು ಮೊದಲೇ ಮಾತಾಗಿರುತ್ತದೆ. ಕೆಲಸ ಮುಗಿದೊಡನೆ ಹಣ ಕೈಸೇರುತ್ತದೆ. ಆದರೆ ಅದೇ ಊರಿನ ಬಟ್ಟೆ ಅಂಗಡಿಗೋ ಬೇಕರಿಗೋ ಹೋಂಸ್ಟೇಗೋ ಫೋಟೋ ತೆಗೆದುಕೊಡುವ ಹುಡುಗನ ವಿಚಾರ ಬಂದಾಗ ಮಾತ್ರ ಈ ನಿಯಮ ಸಡಿಲವಾಗುತ್ತದೆ. “ನಮ್ಮವನೇ ಅಲ್ಲವೇ, ಏನಾದರೂ ಕೊಟ್ಟರಾಯಿತು” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ‘ಏನಾದರೂ’ ಎಂಬುದಕ್ಕೆ ಅಂಕೆಯೂ ಇಲ್ಲ, ಅವಧಿಯೂ ಇಲ್ಲ. ನಮ್ಮ ಯುವಜನರ ಒಂದು ಕಸುಬು ಈ ಒಂದು ಮಾತಿನಿಂದಲೇ ಸೊರಗುತ್ತಿದೆ ಎಂದರೆ ಅತಿಶಯೋಕ್ತಿಯಾಗದು.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕಲಿತವರಲ್ಲಿ ಸರಕಾರಿ ಕೆಲಸ ಸಿಗದೆ, ಗಲ್ಫಿಗೆ ಹೋಗಲು ಮನಸ್ಸಿಲ್ಲದೆ, ಹೆತ್ತವರ ಬಳಿಯಲ್ಲಿದ್ದೇ ಬದುಕು ಕಟ್ಟಿಕೊಳ್ಳುವ ಆಸೆಯಿಂದ ಕ್ಯಾಮೆರಾ ಹಿಡಿದವರಿದ್ದಾರೆ. ಹಿಂದೆ ಮದುವೆ, ಉಪನಯನ, ಗೃಹಪ್ರವೇಶಗಳೇ ಇವರಿಗೆ ಆಧಾರವಾಗಿದ್ದವು. ಈಗ ವ್ಯಾಪಾರಸ್ಥರೂ ಇವರನ್ನು ಕರೆಯುತ್ತಾರೆ. ಬೇಕಲ ಕೋಟೆಯ ಸುತ್ತಲಿನ ವಸತಿಗೃಹಗಳು, ಭೌಗೋಳಿಕ ಮಾನ್ಯತೆ ಪಡೆದ ಕಾಸರಗೋಡು ಸೀರೆ, ಹಪ್ಪಳ ಉಪ್ಪಿನಕಾಯಿಯ ಸಣ್ಣ ಉದ್ಯಮಗಳು ಎಲ್ಲವೂ ಇಂದು ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಮೊಬೈಲ್ ಪರದೆಯ ಮೇಲಿನ ಒಂದು ಚಿತ್ರವಾಗಿ. ಚಿತ್ರ ಮಸುಕಾಗಿದ್ದರೆ ಮಾಲೂ ಮಸುಕು. ಹೀಗಿರುವಾಗ ಆ ಚಿತ್ರವನ್ನು ಒದಗಿಸುವವನ ಬೆಲೆ ಎಷ್ಟೆಂಬುದನ್ನು ನಿಧಾನವಾಗಿ ಕುಳಿತು ಲೆಕ್ಕ ಹಾಕುವುದು ಉಭಯತ್ರರಿಗೂ ಹಿತ.

ವ್ಯಾಪಾರಿಗಳ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. “ಗುಂಡಿ ಒತ್ತುವುದಕ್ಕೆ ಇಷ್ಟೊಂದು ಹಣವೇ? ನನ್ನ ಮೊಬೈಲಿನಲ್ಲೂ ಫೋಟೋ ಬರುತ್ತದಲ್ಲ?” ಎಂದು ಅವರು ಕೇಳುವುದು ಸಹಜ. ಮೊಬೈಲಿನ ಚಿತ್ರ ಸಾಕಾಗುವ ಕಡೆ ಅದನ್ನೇ ಬಳಸಲಿ, ತಪ್ಪಿಲ್ಲ. ಅದು ಸಾಲದೆಂದು ತೋರಿದ್ದರಿಂದಲೇ ಇನ್ನೊಬ್ಬನನ್ನು ಕರೆದದ್ದು ಎಂಬುದನ್ನು ಮಾತ್ರ ಮರೆಯಬಾರದು. ಗುಂಡಿ ಒತ್ತುವುದು ಕ್ಷಣದ ಕೆಲಸ ನಿಜ. ಆದರೆ ಆ ಕ್ಷಣದ ಹಿಂದೆ ಒಂದು ವರ್ಷದ ಖರ್ಚು ನಿಂತಿರುತ್ತದೆ.

ಆ ಖರ್ಚನ್ನು ಒಂದು ಮಾದರಿ ಲೆಕ್ಕದಿಂದ ನೋಡೋಣ. ಅಂಕಿಗಳನ್ನು ಓದುಗರು ತಮ್ಮ ಪರಿಸ್ಥಿತಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು. ಕ್ಯಾಮೆರಾ, ಎರಡು ಲೆನ್ಸ್, ಫ್ಲಾಶ್, ಕಂಪ್ಯೂಟರ್ ಸೇರಿ 3,00,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷ ಬಾಳಿಕೆ ಎಂದರೆ ವರ್ಷಕ್ಕೆ 60,000. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ರಿಪೇರಿ, ಕೋಣೆಯ ಬಾಡಿಗೆ, ವಿದ್ಯುತ್ತು, ಇಂಟರ್‌ನೆಟ್, ಎಡಿಟಿಂಗ್ ಸಾಫ್ಟ್‌ವೇರ್, ಚಿತ್ರಗಳನ್ನು ಕಾದಿಡುವ ಹಾರ್ಡ್ ಡಿಸ್ಕ್ ಎಲ್ಲಕ್ಕೂ ಸೇರಿ 90,000. ತಿಂಗಳಿಗೆ 25,000ದಂತೆ ಸಂಸಾರ ನಡೆಸಲು ವರ್ಷಕ್ಕೆ 3,00,000. ಒಟ್ಟು 4,50,000 ರೂಪಾಯಿ.

ಇನ್ನು ದಿನಗಳ ಲೆಕ್ಕ. ರಜೆ, ಕಾಯಿಲೆ, ಆಟಿ ತಿಂಗಳಿನ ಬಿಡುವು ಕಳೆದು ವರ್ಷದಲ್ಲಿ 270 ದಿನ ದುಡಿಯಬಹುದು ಎನ್ನೋಣ. ಆದರೆ ಒಂದು ದಿನ ಫೋಟೋ ತೆಗೆದರೆ, ಮೊದಲು ಹೋಗಿ ಸ್ಥಳ ನೋಡಿ ಮಾತಾಡುವುದು, ಆಮೇಲೆ ಕುಳಿತು ಆರಿಸುವುದು, ತಿದ್ದುವುದು, ಮುಟ್ಟಿಸುವುದು ಎಂದು ಇನ್ನೆರಡು ದಿನ ಹೋಗುತ್ತದೆ. ಹಾಗಾಗಿ ಹಣ ಹುಟ್ಟುವ ದಿನಗಳು 90 ಮಾತ್ರ. 4,50,000ವನ್ನು 90ರಿಂದ ಭಾಗಿಸಿದರೆ ದಿನಕ್ಕೆ 5,000 ರೂಪಾಯಿ. ಇದು ಲಾಭವಲ್ಲ, ಸರಿಸಮ ನಿಲ್ಲುವ ದರ.

ಇಂಥವನು ಗಿರಾಕಿ ಕೈತಪ್ಪೀತೆಂಬ ಭಯದಿಂದ ದಿನಕ್ಕೆ 1,500 ಸಾಕೆಂದು ಒಪ್ಪಿದರೆ ಆಗುವುದೇನು? 90 ದಿನಕ್ಕೆ ಬರುವುದು 1,35,000. ಸಲಕರಣೆ ಮತ್ತು ಇತರ ಖರ್ಚು 1,50,000. ಎಂದರೆ ವರ್ಷವಿಡೀ ದುಡಿದು, ಮನೆಯಿಂದ 15,000 ರೂಪಾಯಿ ತಂದು ಸುರಿದಂತಾಯಿತು. ಕೈಯಲ್ಲಿ ನೋಟು ಓಡಾಡುತ್ತಿರುವುದರಿಂದ ಇದು ಒಡನೆ ತಿಳಿಯುವುದಿಲ್ಲ. ಕ್ಯಾಮೆರಾ ಕೆಟ್ಟು ಹೊಸದು ಕೊಳ್ಳಬೇಕಾದ ದಿನ ತಿಳಿಯುತ್ತದೆ. ಆ ದಿನವೇ ಅವನು ಕಸುಬು ಬಿಟ್ಟು ಊರು ಬಿಡುವ ಯೋಚನೆ ಮಾಡುತ್ತಾನೆ. ನಷ್ಟ ಅವನೊಬ್ಬನದಲ್ಲ, ಅವನ ಪಕ್ಕದ ಸ್ಟುಡಿಯೋದವನೂ ಅದೇ 1,500ಕ್ಕೆ ಇಳಿಯಬೇಕಾಗಿ ಬಂದಿರುತ್ತದೆ.

ಮನೆಯ ಸಮಾರಂಭದ ಫೋಟೋಕ್ಕೂ ವ್ಯಾಪಾರದ ಫೋಟೋಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಮದುವೆಯ ಆಲ್ಬಮ್ ಕಪಾಟಿನಲ್ಲಿ ಉಳಿಯುತ್ತದೆ. ಅಂಗಡಿಯ ಫೋಟೋ ಹಾಗಲ್ಲ. ಅದು ಹೆದ್ದಾರಿ ಬದಿಯ ಫ್ಲೆಕ್ಸಿನಲ್ಲಿ, ಕ್ಯಾಲೆಂಡರಿನಲ್ಲಿ, ಪೊಟ್ಟಣದ ಮೇಲೆ ನಿಂತು ದಿನವೂ ಗಿರಾಕಿಯನ್ನು ಕರೆಯುತ್ತದೆ. ಆದುದರಿಂದ ವ್ಯಾಪಾರದ ಫೋಟೋಕ್ಕೆ ದಿನದ ದರ, ಕೈಯಿಂದಾಗುವ ಖರ್ಚು ಇವೆರಡರ ಜತೆಗೆ ‘ಬಳಕೆಯ ದರ’ ಎಂಬ ಮೂರನೆಯದೂ ಸೇರುವುದು ನ್ಯಾಯ. ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಗೇಣಿಗೆ ಕೊಟ್ಟ ಗದ್ದೆ ಬೇರೆ, ಕ್ರಯಕ್ಕೆ ಕೊಟ್ಟ ಗದ್ದೆ ಬೇರೆ. ಗೇಣಿಯಲ್ಲೂ ಚಾಲಗೇಣಿ ಬೇರೆ, ಮೂಲಗೇಣಿ ಬೇರೆ. ಫೋಟೋವನ್ನು ಒಂದು ವರ್ಷ ಬಳಸಲು ಕೊಡುವುದಕ್ಕೂ ಶಾಶ್ವತವಾಗಿ ಬರೆದುಕೊಡುವುದಕ್ಕೂ ಅಷ್ಟೇ ಅಂತರ. 1947ರಲ್ಲಿ ಕಾರ್ತಿಯೇ ಬ್ರೆಸ್ಸೋ, ರಾಬರ್ಟ್ ಕಾಪಾ ಮೊದಲಾದವರು ಸೇರಿ ಮ್ಯಾಗ್ನಮ್ ಎಂಬ ಸಹಕಾರಿ ಸಂಸ್ಥೆ ಕಟ್ಟಿದ್ದು, ತಾವು ತೆಗೆದ ಚಿತ್ರಗಳ ಹಕ್ಕು ತಮ್ಮಲ್ಲೇ ಉಳಿಯಲಿ ಎಂಬ ಇದೇ ಉದ್ದೇಶದಿಂದ.

ಒಂದು ಉದಾಹರಣೆ. ಹೋಂಸ್ಟೇಯೊಂದಕ್ಕೆ ಒಂದು ದಿನದ ಕೆಲಸ. ಸರಿಸಮ ದರ 5,000; ಕೆಲಸವಿಲ್ಲದ ದಿನಗಳಿಗೆಂದು ಅದರ ಮೇಲೆ 1,000. ವಾಹನ ಹಾಗೂ ಸಹಾಯಕನ ಖರ್ಚು 1,500. ತಮ್ಮ ಜಾಲತಾಣದಲ್ಲಿ ಒಂದು ವರ್ಷ ಹಾಕಿಕೊಳ್ಳುವುದು ಇದರಲ್ಲೇ ಅಡಕ. ಹೆದ್ದಾರಿಯ ಜಾಹೀರಾತು ಫಲಕಕ್ಕೂ ಬೇಕೆಂದರೆ ಇನ್ನು 3,000. ಒಟ್ಟು 10,500. ಹೀಗೆ ಬಿಡಿಸಿ ಬರೆದರೆ ವ್ಯಾಪಾರಿ “ಫಲಕ ಬೇಡ” ಎನ್ನಬಹುದು, 3,000 ಕಡಿಮೆಯಾಗುತ್ತದೆ. ಕೆಲಸ ಕಡಿಮೆ ಮಾಡಿ ಬೆಲೆ ಇಳಿಸುವುದು ವ್ಯವಹಾರ; ಕೆಲಸ ಹಾಗೆಯೇ ಇದ್ದು ಬೆಲೆ ಮಾತ್ರ ಇಳಿಸುವುದು ದಾಕ್ಷಿಣ್ಯ. ಈ ದಾಕ್ಷಿಣ್ಯದಿಂದ ಯಾರ ಮನೆಯ ಒಲೆಯೂ ಉರಿಯದು.

ಕಾನೂನಿನ ಒಂದು ವಿಷಯವನ್ನು ನಮ್ಮ ಯುವಕರು ಮುಖ್ಯವಾಗಿ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ವಿಧಿಯ ಪ್ರಕಾರ, ಹಣ ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ತೆಗೆಸಿದವನೇ ಕೃತಿಸ್ವಾಮ್ಯದ ಮೊದಲ ಒಡೆಯ. ತೆಗೆದವನಲ್ಲ! ಪರದೇಶದ ಛಾಯಾಗ್ರಾಹಕರ ಮಾತು ಕೇಳಿ “ನಾನು ತೆಗೆದದ್ದು, ಹಕ್ಕು ನನ್ನದೇ” ಎಂದು ನಂಬಿ ಕುಳಿತವರು ಮೋಸಹೋಗುತ್ತಾರೆ. ಬಳಕೆಯ ದರ ಕೇಳಬೇಕಾದರೆ ಕೆಲಸಕ್ಕೆ ಮೊದಲೇ ಬರಹದಲ್ಲಿ ಒಪ್ಪಂದವಾಗಬೇಕು. ಯಾರೂ ಹೇಳದೆ ತಾನಾಗಿ ತೆಗೆದ ಕಳಿಯಾಟದ ಚಿತ್ರವೋ ಕೋಟೆಯ ಚಿತ್ರವೋ ಇದ್ದರೆ ಅದರ ಹಕ್ಕು ತೆಗೆದವನದೇ. ಅದನ್ನು ಇನ್ನೊಬ್ಬರಿಗೆ ವಹಿಸಿಕೊಡಲು ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೇ ಕಾಯಿದೆ ತಿಳಿಯುತ್ತದೆ.

ಒಪ್ಪಂದವೆಂದರೆ ವಕೀಲರ ಮುಂದೆ ಕೂರಬೇಕೆಂದಿಲ್ಲ. ಒಂದು ಹಾಳೆಯ ಪತ್ರ ಸಾಕು. ಎಷ್ಟು ದಿನ, ಎಷ್ಟು ಚಿತ್ರ, ಯಾವಾಗ ಕೊಡುವುದು, ಎಲ್ಲೆಲ್ಲಿ ಎಷ್ಟು ಕಾಲ ಬಳಸುವುದು, ಎಷ್ಟು ಸಲ ತಿದ್ದಿಕೊಡುವುದು, ಮುಂಗಡವೆಷ್ಟು, ಬಾಕಿ ಯಾವಾಗ, ಕೆಲಸ ರದ್ದಾದರೆ ಏನು ಎಂಬ ಎಂಟು ಸಂಗತಿಗಳು ಅದರಲ್ಲಿರಲಿ, ಕೆಳಗೆ ಇಬ್ಬರ ಸಹಿ ಇರಲಿ. ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕನ್ನಡದಲ್ಲಿ ಓದಿದ ಹುಡುಗ ಮಲೆಯಾಳವನ್ನು ಚೆನ್ನಾಗಿಯೇ ಮಾತನಾಡಿದರೂ, ಹಣದ ಮಾತು ಬಂದಾಗ ದೊಡ್ಡ ವ್ಯಾಪಾರಿಯ ಮುಂದೆ ತಡವರಿಸುತ್ತಾನೆ. ಬರೆದ ಪತ್ರ ತಡವರಿಸುವುದಿಲ್ಲ. ಕನ್ನಡದಲ್ಲಿ, ಮಲೆಯಾಳದಲ್ಲಿ, ಇಂಗ್ಲಿಷಿನಲ್ಲಿ ಒಂದೊಂದು ನಮೂನೆ ಸಿದ್ಧವಿಟ್ಟುಕೊಂಡರೆ ಪ್ರತಿಸಲ ಅಂಕಿ ತುಂಬಿದರಾಯಿತು.

ದರ ಒಪ್ಪಿದರೂ ಹಣ ಬಾರದ ಕಷ್ಟ ಬೇರೆಯೇ. “ಮುಂದಿನ ತಿಂಗಳು ನೋಡೋಣ” ಎಂದು ಓಡಾಡಿಸುವವರಿದ್ದಾರೆ. ಸಣ್ಣ ಉದ್ಯಮಗಳ 2006ರ ಕಾಯಿದೆಯಂತೆ ನೋಂದಾಯಿತ ಸಣ್ಣ ಉದ್ಯಮಿಗೆ 45 ದಿನಗಳೊಳಗೆ ಹಣ ಸಲ್ಲಬೇಕು. ಅವಧಿಯ ಬಗ್ಗೆ ಬರಹವಿಲ್ಲದಿದ್ದರೆ 15 ದಿನಗಳೊಳಗೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2020ರಿಂದ ‘ಉದ್ಯಮ್’ ಹೆಸರಿನಲ್ಲಿ ಈ ನೋಂದಣಿ ಧರ್ಮಾರ್ಥವಾಗಿ ನಡೆಯುತ್ತಿದೆ. ಕೆಲಸ ಒಪ್ಪುವ ಮೊದಲೇ ಮಾಡಿಸಿಕೊಂಡಿರುವುದು ಜಾಣತನ. ಜಿ.ಎಸ್.ಟಿ. ಎಂದು ಹೆದರಿ ಬಿಲ್ಲು ಬರೆಯದವರೂ ಇದ್ದಾರೆ. ಕೇರಳದಲ್ಲಿ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ಮೀರದವರಿಗೆ ಆ ನೋಂದಣಿ ಕಡ್ಡಾಯವಲ್ಲ. ಸಾದಾ ಬಿಲ್ಲು ಧಾರಾಳವಾಗಿ ಬರೆಯಬಹುದು.

ಸಂಘದವರೇ ಸೇರಿ ಎಲ್ಲರಿಗೂ ಒಂದೇ ದರ ಗೊತ್ತುಮಾಡಲಿ ಎಂಬ ಸಲಹೆಯೂ ಕೇಳಿಬರುತ್ತದೆ. ಅದರ ಹಿಂದಿನ ಕಳಕಳಿ ಅರ್ಥವಾಗುವಂಥದ್ದೇ. ಆದರೆ ಸ್ಪರ್ಧಿಗಳು ಕೂಡಿ ಬೆಲೆ ಕಟ್ಟುವುದನ್ನು 2002ರ ಸ್ಪರ್ಧಾ ಕಾಯಿದೆ ಒಪ್ಪುವುದಿಲ್ಲ. ಮೇಲಾಗಿ ಬಾಡಿಗೆ ಕಟ್ಟುವವನ ಲೆಕ್ಕ ಬೇರೆ, ಸ್ವಂತ ಕೋಣೆಯಿರುವವನ ಲೆಕ್ಕ ಬೇರೆ. ಸಂಘವು ದರವನ್ನು ಹೇರುವ ಬದಲು ಲೆಕ್ಕ ಹಾಕುವುದನ್ನು ಕಲಿಸಲಿ.

ಹಾಗಾದರೆ ‘ನಮ್ಮವ’ ಎಂಬ ಬಾಂಧವ್ಯಕ್ಕೆ ಬೆಲೆಯಿಲ್ಲವೇ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ. ಶಾಲೆಯ ವಾರ್ಷಿಕೋತ್ಸವ, ಯಕ್ಷಗಾನ, ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹುಡುಗರು ಬಿಟ್ಟಿ ಕೆಲಸ ಮಾಡಿದರೆ ಅದು ಸೇವೆ; ಅದನ್ನು ನಾವು ಗೌರವಿಸುತ್ತೇವೆ. ಆದರೆ ಲಾಭಕ್ಕಾಗಿ ನಡೆಯುವ ಅಂಗಡಿಗೆ ಮಾಡುವ ಬಿಟ್ಟಿ ಕೆಲಸ ಸೇವೆಯಲ್ಲ. “ದುಡ್ಡಿಲ್ಲದಿದ್ದರೂ ನಿನಗೆ ಹೆಸರು ಬರುತ್ತದೆ” ಎನ್ನುವ ವ್ಯಾಪಾರಿ, ಹೆಸರು ಬರುತ್ತದೆಂದು ತನ್ನ ಬಟ್ಟೆಯನ್ನು ಬಿಟ್ಟಿ ಕೊಡುವುದನ್ನು ನಾವು ಕಂಡಿಲ್ಲ. ರಿಯಾಯಿತಿ ಕೊಡಲೇಬೇಕೆಂದಿದ್ದರೆ ಬಿಲ್ಲಿನಲ್ಲಿ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿ ಇಷ್ಟು ಎಂದು ತೋರಿಸಿ ಕಳೆಯಲಿ. ಆಗ ತೆಗೆದುಕೊಂಡವನಿಗೆ ಉಪಕಾರದ ಅರಿವಿರುತ್ತದೆ. ಮುಂದಿನ ಸಲ ಅದೇ ದರವಾಗಿ ಬಿಡುವುದಿಲ್ಲ.

ಹೆತ್ತವರಿಗೂ ಒಂದು ಮಾತು. ಕ್ಯಾಮೆರಾ ಹಿಡಿದವನು ಪೋಲಿ ತಿರುಗುತ್ತಾನೆಂದು ಎಣಿಸಬೇಡಿ. ಮೈಸೂರಿನ ಟಿ.ಎಸ್. ಸತ್ಯನ್ ಬಹುಕಾಲ ಸ್ವತಂತ್ರ ಛಾಯಾಗ್ರಾಹಕರಾಗಿಯೇ ದುಡಿದು 1977ರಲ್ಲಿ ಪದ್ಮಶ್ರೀ ಪಡೆದ ಕನ್ನಡಿಗರು. ಎಲ್ಲರೂ ಸತ್ಯನ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಮರ್ಯಾದೆಯಿಂದ ಬದುಕುವಷ್ಟು ಆದಾಯ ಬಂದರೆ ಸಾಕು. ಅದಕ್ಕೆ ಬೇಕಾದ ಗಣಿತ ಹೈಸ್ಕೂಲಿನ ಭಾಗಾಕಾರ, ಶೇಕಡಾ ಲೆಕ್ಕಗಳಿಗಿಂತ ಹೆಚ್ಚಿನದಲ್ಲ. ಬೇಕಾದ ಭಾಷೆ ನಾವು ತರಗತಿಯಲ್ಲಿ ಬರೆಯಿಸುವ ವ್ಯವಹಾರ ಪತ್ರದ್ದೇ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ವ್ಯಾಪಾರಸ್ಥರ ವಿಷಯದಲ್ಲಿ ನಿಜವಾಗದಿರಲಿ. ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಬಂದವರು ಕೇಳಿದ ದರವನ್ನು ಚೌಕಾಸಿಯಿಲ್ಲದೆ ಕೊಡುವ ಕೈ, ಊರಿನ ಹುಡುಗನ ಬಿಲ್ಲಿನ ಮುಂದೆ ಮಾತ್ರ ಬಿಗಿಯಾಗುವುದು ಸರಿಯಲ್ಲ. ಫೋಟೋ ಚೆನ್ನಾಗಿಲ್ಲದಿದ್ದರೆ ನೇರವಾಗಿ ಹೇಳಲಿ, ಮತ್ತೆ ತೆಗೆಸಲಿ. ಚೆನ್ನಾಗಿದ್ದರೆ ಹೇಳಿದ ದಿನಕ್ಕೆ ಹೇಳಿದ ಹಣ ಕೊಡಲಿ. ಊರಿನಲ್ಲೇ ಉಳಿದು ದುಡಿಯಬಯಸುವ ಮಕ್ಕಳನ್ನು ಊರಿನಲ್ಲೇ ಉಳಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನಮಗೆ ಕಾಣುವುದಿಲ್ಲ.